ಆಯ್ತಣ್ಣನ ಬೋರ್ಡು ಬಾಯಿಬಿಟ್ಟದ್ದು

ಕಣ್ಣಿನ ಆಸ್ಪತ್ರೆಯ ದಾಖಲೆ ಕೋಣೆಯ ಗುಮಾಸ್ತನಿಗೆ ಆಯ್ತಣ್ಣ ಎಂಬ ಹೆಸರು ಹೆತ್ತವರು ಇಟ್ಟಿದ್ದಲ್ಲ, ಆಸ್ಪತ್ರೆಯವರು ಇಟ್ಟಿದ್ದು. ಯಾರು ಏನೇ ಹೇಳಲಿ, ಅವನ ಬಾಯಿಂದ ಹೊರಡುವ ಉತ್ತರ ಒಂದೇ: “ಆಯ್ತು.” ಹಳೇ ಫೈಲುಗಳನ್ನೆಲ್ಲ ಎಡಗಡೆ ಗೋಡೆಗೆ ಜೋಡಿಸಿ ಅಂದರೆ ಆಯ್ತು. ಸಂಜೆ ಹೊತ್ತಿಗೆ ಅವನ್ನೇ ಬಲಗಡೆ ಗೋಡೆಗೆ ಜೋಡಿಸಿ ಅಂದರೂ ಆಯ್ತು. ಔಷಧಿ ಅಂಗಡಿಯವನು ಅವನ ಕುರ್ಚಿಯನ್ನೇ ಎತ್ತಿಕೊಂಡು ಹೋಗುತ್ತಾ “ಒಂದ್ನಿಮಿಷ ಅಣ್ಣಾ” ಅಂದಾಗಲೂ ಆಯ್ತು ಅಂದವನು, ಆ ನಿಮಿಷ ಮುಗಿಯಲೆಂದು ಕಾಯುತ್ತಾ ಇಡೀ ಮಳೆಗಾಲವನ್ನು ಸ್ಟೂಲಿನ ಮೇಲೆ ಕಳೆದಿದ್ದ.

ಇಷ್ಟೊಂದು ‘ಆಯ್ತು’ಗಳನ್ನು ಹೊರಗೆ ಬಿಟ್ಟ ಮನುಷ್ಯನ ಹೊಟ್ಟೆಯಲ್ಲಿ ಎಷ್ಟು ಗೊಣಗಾಟ ಉಳಿದಿರಬೇಡ! ಅದೆಲ್ಲ ಎಲ್ಲಿಗೆ ಹೋಗುತ್ತಿತ್ತು ಎಂದು ಆಸ್ಪತ್ರೆಯಲ್ಲಿ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಮುಂದಿನದೆಲ್ಲ ನಡೆಯುತ್ತಲೇ ಇರಲಿಲ್ಲ.

ಶುರುವಾದದ್ದು ಒಂದು ಮೀಟಿಂಗಿನಲ್ಲಿ. ಮೀಟಿಂಗ್ ಕರೆದವರು ದೊಡ್ಡ ಮೇಡಂ, ಅಂದರೆ ಆಸ್ಪತ್ರೆಯ ಮುಖ್ಯ ವೈದ್ಯೆ. ಅವರ ಪಕ್ಕದಲ್ಲಿ ಆಡಳಿತಾಧಿಕಾರಿ ಕೂತಿದ್ದರು. ಈ ಆಡಳಿತಾಧಿಕಾರಿ ಬೇರೆ ಯಾರೂ ಅಲ್ಲ, ಆಯ್ತಣ್ಣನ ಹೆಂಡತಿಯ ಸ್ವಂತ ಅಣ್ಣ. ಮನೆಯಲ್ಲಿ ಭಾವ, ಆಸ್ಪತ್ರೆಯಲ್ಲಿ ಸಾರ್. ಆಸ್ಪತ್ರೆಯಲ್ಲಿ ತಪ್ಪಿಯೂ ‘ಭಾವ’ ಅನ್ನಬಾರದೆಂದು ಅವರೇ ತಾಕೀತು ಮಾಡಿದ್ದರು. ಅದಕ್ಕೂ ಇವನು ಆಯ್ತು ಅಂದಿದ್ದ.

“ಫೈಲುಗಳೆಲ್ಲ ಕಂಪ್ಯೂಟರಿಗೆ ಹೋದ್ಮೇಲೆ ದಾಖಲೆ ಕೋಣೆ ಬೇಕಾಗಲ್ಲ. ಅಲ್ಲಿರೋರನ್ನ ದೂರದೂರಿನ ಶಾಖೆಗೆ ಕಳಿಸಬಹುದು” ಎಂದರು ಭಾವ. ಅಲ್ಲಿರೋರು ಅಂದರೆ ಅಲ್ಲಿದ್ದ ಒಬ್ಬನೇ. ಆ ಶಾಖೆಗೆ ದಿನವೂ ಹೋಗಿ ಬರುವುದು ಆಗದ ಮಾತು. ಅಲ್ಲೇ ಒಂದು ಕೋಣೆ ಹಿಡಿದು, ತಾನೇ ಬೇಯಿಸಿಕೊಂಡು ಬಿದ್ದಿರಬೇಕು. ಆಯ್ತಣ್ಣ ಅದನ್ನೇ ಲೆಕ್ಕ ಹಾಕುತ್ತಾ ಕೂತ. ಅಷ್ಟರಲ್ಲಿ ದೊಡ್ಡ ಮೇಡಂ ಮುಂದಿನ ವಿಷಯಕ್ಕೆ ಹೋಗಿದ್ದರು.

“ಕಾಯೋ ಹಾಲ್‌ನಲ್ಲಿ ಒಂದು ದೊಡ್ಡ ಟೀವಿ ಹಾಕ್ತಿದೀವಿ. ಯಾವ ಕೋಣೇಲಿ ಎಷ್ಟನೇ ನಂಬರ್ ನಡೀತಿದೆ ಅಂತ ತಾನಾಗೇ ತೋರಿಸ್ಬೇಕು. ನಮ್ಮಲ್ಲೇ ಯಾರಾದ್ರೂ ಮಾಡ್ತೀರಾ?”

“ಆಯ್ತು” ಎಂದಿತು ಆಯ್ತಣ್ಣನ ಬಾಯಿ. ಅವನನ್ನು ಕೇಳದೆಯೇ.

ಎಲ್ಲರೂ ತಿರುಗಿ ನೋಡಿದರು. ಅವನೂ ತಿರುಗಿ ನೋಡಿದ. ಹಿಂದೆ ಗೋಡೆ ಇತ್ತು.

ದೊಡ್ಡ ಮೇಡಂಗೆ ಸಂತೋಷವಾಯಿತು. “ಶನಿವಾರದೊಳಗೆ ಬೋರ್ಡು ಸರಿಯಾಗಿ ನಡೆದ್ರೆ ನಿಮ್ಮನ್ನ ಇಲ್ಲೇ ಕಂಪ್ಯೂಟರ್ ವಿಭಾಗಕ್ಕೆ ಹಾಕ್ಕೊಳ್ಳೋಣ” ಎಂದರು. ಭಾವನ ಮುಖದಲ್ಲಿ ‘ನೋಡೋಣ, ನೋಡೋಣ’ ಎನ್ನುವ ಕಳೆ ಇತ್ತು.

ಅವತ್ತಿನಿಂದ ಆಯ್ತಣ್ಣನಿಗೆ ಕೊಂಬು ಬಂತು. ವಿಡಿಯೋಗಳನ್ನು ನೋಡಿ ನೋಡಿ ಮನೆಯ ಲ್ಯಾಪ್‌ಟಾಪಿನಲ್ಲಿ, ಕಂಪ್ಯೂಟರಿಗೆ ಕೆಲಸ ಹೇಳುವ ಸ್ಕ್ರಿಪ್ಟು ಬರೆಯತೊಡಗಿದ. ಹೆಂಡತಿ ತರಕಾರಿ ಹೆಚ್ಚುತ್ತಿದ್ದರೆ ಎದುರಿಗೆ ಕೂತು ಪಾಠ ಹೇಳುವಷ್ಟರ ಮಟ್ಟಿಗೆ ಪಂಡಿತನಾದ.

“ನೋಡೇ, ಒಂದು ತಾಯಿ ಸ್ಕ್ರಿಪ್ಟ್ ಇರುತ್ತೆ. ಅದು ಕೂತಲ್ಲಿಂದ ಏಳಲ್ಲ. ಒಂದೊಂದು ಕೋಣೆಗೆ ಒಂದೊಂದು ಮರಿ ಸ್ಕ್ರಿಪ್ಟನ್ನ ಓಡಿಸುತ್ತೆ. ಆ ಕೋಣೆ ಕಂಪ್ಯೂಟರನ್ನ ನಂಬರ್ ಕೇಳ್ಕೊಂಡು ಬಾ ಅನ್ನುತ್ತೆ. ಮರಿ ಬಂದು ಹೇಳಿದ್ದನ್ನ ಹಿಡಿದು ಬೋರ್ಡಿಗೆ ಹಾಕುತ್ತೆ.”

“ನಮ್ಮತ್ತೆ ಥರ ಅನ್ನಿ.”

“ಅಮ್ಮನ್ನ ಯಾಕೆ ಎಳೀತೀಯ? ಕೇಳು. ಪ್ರತಿ ಮರಿಗೂ ಎರಡು ಬಾಯಿ. ಒಂದರಲ್ಲಿ ಕೇಳಿದ್ದಕ್ಕೆ ಉತ್ತರ ಹೇಳುತ್ತೆ. ಇನ್ನೊಂದರಲ್ಲಿ ಗೊಣಗುತ್ತೆ. ಅದು ಸಿಗಲಿಲ್ಲ, ಇದು ತೆರೀಲಿಲ್ಲ, ಅವರು ಮಾತೇ ಆಡಲಿಲ್ಲ ಅಂತ. ತಾಯಿ ಮೊದಲನೇ ಬಾಯಿಗೆ ಮಾತ್ರ ಕಿವಿ ಕೊಡ್ಬೇಕು. ಎರಡನೇದು ನನಗೊಬ್ಬನಿಗೇ ಕಾಣೋ ಕಪ್ಪು ಪರದೆ ಮೇಲೆ ಬೀಳುತ್ತೆ.”

“ಆ ಗೊಣಗಾಟ ಯಾರು ಬರೀತಾರೆ?”

“ನಾನೇ” ಎಂದ ಆಯ್ತಣ್ಣ. ಅವನ ಮುಖ ಅರಳಿತು.

ಅರಳದೆ ಏನು! ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ‘ಉತ್ತರ ಬಂದಿಲ್ಲ’ ಎಂದು ಬರೆದು ಸುಮ್ಮನಾಗುತ್ತಿದ್ದರು. ಇವನಿಗೆ ಜೀವಮಾನದಲ್ಲಿ ಮೊದಲ ಸಲ, ಯಾರೂ ಓದದ ಒಂದು ಜಾಗ ಸಿಕ್ಕಿತ್ತು. ಯಾವ ಕೋಣೆ ತಡಮಾಡಿದರೆ ಯಾವ ಮಾತು, ಇನ್ನೂ ತಡಮಾಡಿದರೆ ಯಾವ ಮಾತು, ಊಟದ ಹೊತ್ತಿಗೆ ಏನು, ಬಾಗಿಲು ಮುಚ್ಚುವಾಗ ಏನು, ಎಲ್ಲವನ್ನೂ ಮನಸ್ಸು ಬಿಚ್ಚಿ ಬರೆದ. ಬರೆಯುವಾಗ ಒಬ್ಬನೇ ನಗುತ್ತಿದ್ದ. ಹೆಂಡತಿಗೆ ಗಾಬರಿಯಾಗಿ ಒಂದೆರಡು ಸಲ ಬಾಗಿಲ ಸಂದಿಯಿಂದ ನೋಡಿಕೊಂಡು ಹೋಗಿದ್ದಳು.

ಮನೆಯ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಹೇಳಿದ ಹಾಗೆ ಕೇಳಿತು. ತೊಂದರೆ ಇದ್ದದ್ದು ಹಾಲಿನ ಟೀವಿಯ ಹಿಂದೆ ನೇತುಹಾಕಿದ್ದ ಕಂಪ್ಯೂಟರಿನಲ್ಲಿ. ಅದರ ಆಪರೇಟಿಂಗ್ ಸಿಸ್ಟಂ ಬೇರೆ. ಆಪರೇಟಿಂಗ್ ಸಿಸ್ಟಂ ಬೇರೆ ಅಂದರೆ ಬೀಗರ ಮನೆಗೆ ಹೋದ ಹಾಗೆ. ಫೈಲಿನ ದಾರಿ ಬರೆಯುವಾಗ ಹಾಕುವ ಓರೆಗೀಟು ನಮ್ಮಲ್ಲಿ ಈ ಕಡೆ ವಾಲಿದರೆ ಅವರಲ್ಲಿ ಆ ಕಡೆ ವಾಲಬೇಕು. ನಮ್ಮಲ್ಲಿ ಅಕ್ಷರವಾಗಿ ಕಂಡದ್ದು ಅವರಲ್ಲಿ ಅಕ್ಷರವೇ ಅಲ್ಲ. ಇದು ಆಯ್ತಣ್ಣನಿಗೆ ತಿಳಿದದ್ದು ಗುರುವಾರ ಬೆಳಿಗ್ಗೆ, ಹಾಲ್ ತುಂಬ ರೋಗಿಗಳು ಕೂತಿದ್ದಾಗ.

ಬೋರ್ಡು ಹೊತ್ತಿಕೊಂಡಿತು. ಮೇಲಿಂದ ಕೆಳಗಿನವರೆಗೆ ಬರೀ ಚೌಕಗಳು. ಒಂದಾದರೂ ಕನ್ನಡ ಅಕ್ಷರವಿಲ್ಲ.

ಬೇರೆ ಯಾವ ಆಸ್ಪತ್ರೆಯಾಗಿದ್ದರೂ ಜನ ‘ಟೀವಿ ಕೆಟ್ಟಿದೆ’ ಅನ್ನುತ್ತಿದ್ದರು. ಇದು ಕಣ್ಣಿನ ಆಸ್ಪತ್ರೆ. ಅರ್ಧ ಜನಕ್ಕೆ ಕಣ್ಣಿಗೆ ಹನಿ ಹಾಕಿ ಕೂರಿಸಿದ್ದರು. ಮುಂದಿನ ಸಾಲಿನ ಅಜ್ಜಿ ಒಬ್ಬರು “ಅಯ್ಯಯ್ಯೋ, ಬಂದಾಗ ಮಂಜು ಮಂಜಾಗಾದ್ರೂ ಕಾಣ್ತಿತ್ತು, ಈಗ ಬರೀ ಚೌಕ ಕಾಣ್ತಿದೆಯಲ್ಲೋ!” ಎಂದು ಗೋಳಿಟ್ಟರು. ಪಕ್ಕದವನು “ನನಗೂ ಚೌಕಾನೇ ಅಜ್ಜಿ” ಎಂದ. ಹಿಂದಿನ ಸಾಲಿನಿಂದ ಎದ್ದು ನಿಂತವರು ನಿವೃತ್ತ ಕಂಡಕ್ಟರು. ಒಂದು ಕಣ್ಣಿನ ಪೊರೆ ತೆಗೆಸಿ ಹಸಿರು ಪಟ್ಟಿ ಕಟ್ಟಿಸಿಕೊಂಡಿದ್ದರು, ಇನ್ನೊಂದು ಕಣ್ಣು ಹದ್ದಿನದು. ಇಡೀ ಬಸ್ಸಿಗೆ ಕೇಳುವಂತೆ ಕೂಗಿ ಕೂಗಿ ಪಳಗಿದ ಗಂಟಲು.

“ಗಾಬರಿ ಬೇಡ! ಇದು ಪರೀಕ್ಷೆ!” ಎಂದು ಸಾರಿದ ಕಂಡಕ್ಟರು ಒಂದು ಕಣ್ಣನ್ನು ಕೈಯಿಂದ ಮುಚ್ಚಿಕೊಂಡರು. ಆ ಕಣ್ಣು ಮೊದಲೇ ಮುಚ್ಚಿತ್ತು. “ಮೇಲಿನ ಸಾಲು: ಚೌಕ, ಚೌಕ, ಚೌಕ, ಮತ್ತೆ ಚೌಕ! ಎರಡನೇ ಸಾಲು: ಚೌಕ...”

ಇಡೀ ಹಾಲು ಮಗ್ಗಿ ಹೇಳಿದಂತೆ ಚೌಕ ಚೌಕ ಎಂದು ಒಪ್ಪಿಸತೊಡಗಿತು. ಪೊರೆ ಡಾಕ್ಟರ ಕೋಣೆಗೆ ಹೋದವರೆಲ್ಲ ಒಂದೇ ದೂರು ಹೇಳಿದರು. ಎಲ್ಲರ ಕಣ್ಣಿಗೂ ಒಂದೇ ಆಕಾರದ ಕಾಯಿಲೆ ಬಂದದ್ದನ್ನು ಕಂಡು ಡಾಕ್ಟರು ದಪ್ಪ ಪುಸ್ತಕ ತೆರೆದು ಹುಡುಕಲು ಕೂತರು. ಆಮೇಲೆ ಹೊರಗೆ ಬಂದು ಟೀವಿ ನೋಡಿ, ಪುಸ್ತಕ ಮುಚ್ಚಿದರು.

ಭಾವ ಮಾತ್ರ ಬೈಯಲಿಲ್ಲ. ಅದೇ ಭಯ. “ಶಾಖೆಯವರಿಗೆ ಫೋನ್ ಮಾಡಿದ್ದೆ. ಸ್ಟೂಲ್ ಬೇಡ, ಕುರ್ಚಿನೇ ಕೊಡ್ತಾರಂತೆ” ಎಂದು ಹೇಳಿ ಹೋದರು.

ಅವತ್ತೆಲ್ಲ ಆಯ್ತಣ್ಣ ಬೆವರು ಸುರಿಸಿ ಅಕ್ಷರಗಳನ್ನು ಸರಿಮಾಡಿದ. ಚೌಕ ಹೋಯಿತು. ಚೌಕದ ಜೊತೆಗೆ ಉಳಿದದ್ದೂ ಹೋಯಿತು. ಮರಿಗಳು ಹೋಗುತ್ತಿದ್ದವು, ಬರುತ್ತಿದ್ದವು, ತಾಯಿಯ ಕೈಗೆ ಮಾತ್ರ ಏನೂ ಸಿಗುತ್ತಿರಲಿಲ್ಲ. ಬೋರ್ಡು ಖಾಲಿ. ಬಸ್ಸಿಗೆ ಕಾಯುತ್ತಾ ನಿಂತು ಫೋನಿನಲ್ಲಿ ಹುಡುಕಿದಾಗ ಯಾರೋ ಪುಣ್ಯಾತ್ಮ ಬರೆದಿದ್ದ ಒಂದು ಸಾಲು ಸಿಕ್ಕಿತು: ‘ಏನೂ ಬರುತ್ತಿಲ್ಲವೇ? ಎರಡೂ ಬಾಯಿಗಳನ್ನು ಒಂದೇ ಕೊಳವೆಗೆ ಸೇರಿಸಿಬಿಡಿ, ಎಲ್ಲಾ ಬರುತ್ತದೆ.’ ಅದರ ಕೆಳಗೆ ಇನ್ನೊಬ್ಬ ಪುಣ್ಯಾತ್ಮ ‘ಆದರೆ ಎಚ್ಚರ’ ಎಂದು ಶುರುಮಾಡಿ ಏನೋ ಉದ್ದಕ್ಕೆ ಬರೆದಿದ್ದ. ಅಷ್ಟರಲ್ಲಿ ಬಸ್ಸು ಬಂತು.

ಶುಕ್ರವಾರ ಬೆಳಿಗ್ಗೆ ಆ ಸಾಲು ಸೇರಿಸಿ, ಏಣಿಯಿಂದ ಇಳಿದು ನೋಡಿದ. ನೋಂದಣಿ ಇಷ್ಟು, ಪೊರೆ ಕೋಣೆ ಇಷ್ಟು, ಕನ್ನಡಕ ಇಷ್ಟು. ಅಂಕಿಗಳು ಥಳಥಳ ಹೊಳೆಯುತ್ತಿದ್ದವು. ಆಗತಾನೇ ಬಾಗಿಲು ತೆರೆದಿದ್ದರಿಂದ ಎಲ್ಲರೂ ಅವರವರ ಜಾಗದಲ್ಲಿದ್ದರು, ಯಾರೂ ಇನ್ನೂ ತಡಮಾಡಿರಲಿಲ್ಲ. ಗೊಣಗಲು ಮರಿಗಳಿಗೆ ಕಾರಣವೇ ಇರಲಿಲ್ಲ. ಆಯ್ತಣ್ಣ ಎದೆಯ ಮೇಲೆ ಕೈಯಿಟ್ಟುಕೊಂಡು ನಿಟ್ಟುಸಿರು ಬಿಟ್ಟು, ಇನ್ನು ಅದರ ಮೇಲೆ ತನ್ನ ಉಸಿರೂ ತಾಗದಿರಲಿ ಎಂದು ಮೇಲಿನ ಮಹಡಿಯ ದಾಖಲೆ ಕೋಣೆ ಸೇರಿ ಬಾಗಿಲು ಹಾಕಿಕೊಂಡ.

ಕೆಳಗೆ ಸ್ವಲ್ಪ ಹೊತ್ತು ಎಲ್ಲ ಶಾಂತವಾಗಿತ್ತು. ಆಮೇಲೆ ಪೊರೆ ಕೋಣೆಯ ಅಂಕಿ ನಿಂತಿತು. ಅದರ ಕೆಳಗೆ ದಪ್ಪಕ್ಷರದಲ್ಲಿ ಒಂದು ಸಾಲು ಮೂಡಿತು. ಪಟ್ಟಿ ಬದಲಾಯಿಸಿಕೊಳ್ಳಲು ಬಂದಿದ್ದ ಕಂಡಕ್ಟರು, ಹನಿ ಹಾಕಿಸಿಕೊಂಡವರಿಗೆ ಅನುಕೂಲವಾಗಲೆಂದು ಅದನ್ನು ಗಟ್ಟಿಯಾಗಿ ಓದಿದರು.

“ಪೊರೆ ಡಾಕ್ಟರು ಕೋಣೆಯಲ್ಲಿ ಇಲ್ಲ. ಫೋನ್ ಬಂದಿರಬೇಕು. ಅವರ ಫೋನ್ ಮುಗಿಯೋದ್ರೊಳಗೆ ಪೊರೆ ತಾನಾಗೇ ಉದುರಿ ಹೋಗುತ್ತೆ.”

ಅಜ್ಜಿ ಕೇಳಿದರು: “ಸರ್ಕಾರದೋರು ಹಿಂಗೂ ಬರೀತಾರಾ?”

“ಬರ್ದವ್ರಲ್ಲ ಅಜ್ಜಿ, ಕಣ್ಮುಂದೆನೇ ಇದೆ. ಮುಂದಿನದು ಬಂತು, ಹಿಡ್ಕೊಳ್ಳಿ!” ಎಂದರು ಕಂಡಕ್ಟರು. “ಔಷಧಿ ಅಂಗಡಿ ಉತ್ತರ ಕೊಡುತ್ತಿಲ್ಲ. ‘ಸ್ಟಾಕ್ ಇಲ್ಲ’ ಅನ್ನೋದು ಬಿಟ್ಟು ಬೇರೆ ಮಾತು ಕಲಿತಿದ್ರೆ ತಾನೇ? ನನ್ನ ಕುರ್ಚಿಯೊಂದು ಸ್ಟಾಕ್ ಇದೆ ಅವನ ಹತ್ರ.”

ಹಾಲು ಗೊಳ್ಳೆಂದಿತು. ಮೇಲೆ ಕೋಣೆಯಲ್ಲಿ ಆಯ್ತಣ್ಣ ಕಿವಿ ನಿಮಿರಿಸಿದ. ಜನ ಸಂತೋಷವಾಗಿದ್ದಾರೆ ಎಂದುಕೊಂಡು ಉಬ್ಬಿ ಹೋದ. ಬೋರ್ಡಿನಲ್ಲಿ ನಂಬರ್ ಕಂಡದ್ದಕ್ಕೇ ಇಷ್ಟು ನಗುವ ಜನ ಎಷ್ಟು ಒಳ್ಳೆಯವರು ಎಂದು ಅವನಿಗೆ ಕಣ್ಣು ತುಂಬಿ ಬಂತು.

ಸ್ವಲ್ಪ ಹೊತ್ತಿಗೆ ಔಷಧಿ ಅಂಗಡಿಯವನು ಬಾಗಿಲು ದೂಡಿಕೊಂಡು ಬಂದ. ಒಂದು ಕೈಯಲ್ಲಿ ಆ ಕುರ್ಚಿ.

“ತಗೊಳ್ಳಪ್ಪಾ ನಿನ್ನ ಕುರ್ಚಿ! ಕೇಳಿದ್ರೆ ಕೊಡ್ತಿರಲಿಲ್ವಾ? ಅಷ್ಟು ಜನರ ಮುಂದೆ ಹಾಕೋದಾ?”

“ಬೋರ್ಡು ನೋಡಿದ್ರಾ? ಹೇಗಿದೆ?” ಎಂದ ಆಯ್ತಣ್ಣ ನಾಚುತ್ತಾ.

“ಹೇಗಿದೆ ಅಂತ ಬೇರೆ ಕೇಳ್ತೀಯ! ನನ್ನ ಮರ್ಯಾದೆ ಮೂರು ಕಾಸಿಗೆ ಹೋಯ್ತು.”

“ನಿಮ್ಮ ಸಾಲು ಚಿಕ್ಕದಾಗಿ ಬಂದಿರಬೇಕು. ಬೇಜಾರು ಮಾಡ್ಕೋಬೇಡಿ. ನಾಳೆಯಿಂದ ಇನ್ನೂ ದೊಡ್ಡಕ್ಷರದಲ್ಲಿ ಹಾಕ್ತೀನಿ.”

ಔಷಧಿಯವನು ಕೈ ಮುಗಿದ. “ಬೇಡ ಅಣ್ಣಾ. ತಪ್ಪಾಯ್ತು. ಸ್ಟಾಕ್ ತರಿಸ್ತೀನಿ” ಎಂದು ಹಿಂದೆ ಹಿಂದೆ ಸರಿಯುತ್ತಾ ಹೋದ. ಕಂಪ್ಯೂಟರ್ ಕಲಿತ ಮೇಲೆ ಜನ ಹೇಗೆ ಗೌರವ ಕೊಡುತ್ತಾರೆ ನೋಡು ಎಂದು ಆಯ್ತಣ್ಣ ಬಹುದಿನಗಳ ಮೇಲೆ ಬೆನ್ನು ಒರಗಿಸಿ ಕೂತ. ಪೊರೆ ಡಾಕ್ಟರೂ ಬಂದರು. “ನೋಡಿ, ಫೋನ್ ಸ್ವಿಚ್ ಆಫ್ ಮಾಡಿದೀನಿ” ಎಂದು ತೋರಿಸಿ ಹೋದರು. ಯಾಕೆ ತೋರಿಸಿದರೆಂದು ತಿಳಿಯಲಿಲ್ಲ. “ಆಯ್ತು” ಎಂದ.

ಊಟದ ಹೊತ್ತಿಗೆ ಎಲ್ಲರೂ ಹೊರಗೆ ತಿನ್ನಲು ಹೋಗಿದ್ದರಿಂದ ಆಗಿನ ಸಾಲನ್ನು ಯಾರೂ ನೋಡಲಿಲ್ಲ. ಅವರು ಮರಳಿದ ಮೇಲೆ ಬಂದ ಸಾಲನ್ನು ಕಂಡಕ್ಟರು ಎರಡು ಸಲ ಓದಬೇಕಾಯಿತು, ನಗೆಯಲ್ಲಿ ಮೊದಲನೇ ಸಲ ಯಾರಿಗೂ ಪೂರ್ತಿ ಕೇಳಿಸಲಿಲ್ಲ. “ಆಡಳಿತ ಕೋಣೆ ಉತ್ತರ ಕೊಡುತ್ತಿಲ್ಲ. ಭಾವ ಕುರ್ಚಿಯಲ್ಲಿದ್ದಾರೆ, ಎಚ್ಚರದಲ್ಲಿಲ್ಲ. ಎಬ್ಬಿಸೋಣ ಅಂದ್ರೆ ನನಗೂ ಸಂಸಾರ ಇದೆ.”

“ಭಾವ ಅಂದ್ರೆ ಯಾರಪ್ಪಾ?” ಎಂದರು ಅಜ್ಜಿ. ಅದೇ ಹೊತ್ತಿಗೆ ಆಡಳಿತ ಕೋಣೆಯ ಬಾಗಿಲು ತೆರೆದು, ಗಲಾಟೆಗೆ ಎಚ್ಚರವಾದ ಭಾವ ಕಣ್ಣುಜ್ಜಿಕೊಳ್ಳುತ್ತಾ ಹೊರಗೆ ಬಂದರು. ಬೇರೆ ಉತ್ತರ ಬೇಕಾಗಲಿಲ್ಲ. ಸಂಜೆಯೊಳಗೆ ಇಡೀ ಆಸ್ಪತ್ರೆಗೆ ಅವರು ಭಾವನಾದರು. “ಭಾವ, ಫ್ಯಾನ್ ಹಾಕ್ಸಿ.” “ಭಾವ, ನಲ್ಲೀಲಿ ನೀರು ಬರ್ತಿಲ್ಲ.” “ಭಾವ, ನೀವು ಮಲಕ್ಕೊಳ್ಳಿ, ನಾವು ಕಾಯ್ತೀವಿ.” ಅಜ್ಜಿಯಂತೂ “ಪಾಪ, ಎಳೇ ವಯಸ್ಸು, ನಿದ್ದೆ ಬರುತ್ತೆ” ಎಂದು ಐವತ್ತು ದಾಟಿದ ಭಾವನ ಕೆನ್ನೆ ಸವರಿದರು.

ರೋಗಿಗಳು ಹೋದ ಕೂಡಲೇ ಕಾವಲುಗಾರ ಕರೆಂಟು ಉಳಿಸಲೆಂದು ಟೀವಿ ಆರಿಸುತ್ತಿದ್ದ. ಹಾಗಾಗಿ ದಿನದ ಕೆಲಸ ಮುಗಿದ ಮೇಲೆ ಬರುವ ಕೊನೆಯ ಸಾಲು ಏನೆಂದು ಅವತ್ತು ಯಾರೂ ನೋಡಲಿಲ್ಲ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

“ಏನ್ರೀ, ಅಣ್ಣ ಫೋನ್ ಮಾಡಿದ್ದ. ಅವನ ಬಗ್ಗೆ ಏನು ಬರ್ದಿದೀರಿ?”

“ನಾನಾ? ಭಾವನ ಬಗ್ಗೆ? ಬೋರ್ಡಲ್ಲಿ ಬರೀ ನಂಬರ್ ಬರುತ್ತೆ ಕಣೇ.”

“ನಾಳೆನೇ ನಿಮ್ಮನ್ನ ಶಾಖೆಗೆ ಹಾಕ್ತೀನಿ ಅಂತಿದಾನೆ. ತಂಗಿ ಮುಖ ನೋಡಿ ಇಷ್ಟು ದಿನ ಸಹಿಸಿದೀನಿ ಅಂತಿದಾನೆ.”

ಆಯ್ತಣ್ಣ ನಕ್ಕ. “ಭಾವನಿಗೆ ಹೊಟ್ಟೆಕಿಚ್ಚು. ಎಲ್ಲರೂ ಬಂದು ಕೈ ಮುಗೀತಿದಾರೆ ನನಗೆ. ನಾಳೆ ನೀನೇ ಬಾ, ಜೊತೇಲಿ ಕೂತು ನೋಡೋಣ.”

“ಸರಿ, ಊಟಕ್ಕೆ ಬನ್ನಿ. ಪಲ್ಯ ಹೇಗಿದೆ ಹೇಳಿ.”

“ಚೆನ್ನಾಗಿದೆ” ಎಂದ ಆಯ್ತಣ್ಣ, ರುಚಿ ನೋಡುವ ಮೊದಲೇ.

ಶನಿವಾರ ಆಸ್ಪತ್ರೆಗೆ ಅರ್ಧ ದಿನ. ಆದರೂ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಣ್ಣು ನೆಟ್ಟಗಿರುವವರೂ ಬಂದಿದ್ದರು. ಎದುರಿನ ಕ್ಷೌರದಂಗಡಿಯವನು ಗಿರಾಕಿಗೆ ಅರ್ಧ ಗಡ್ಡ ಬೋಳಿಸಿ, ಅವನನ್ನೂ ಜೊತೆಗೆ ಕರೆದುಕೊಂಡು ಬಂದಿದ್ದ. ಕಂಡಕ್ಟರಿಗೆಂದು ಮುಂದೆ ಒಂದು ಕುರ್ಚಿ ಬಿಟ್ಟಿದ್ದರು. ಆಯ್ತಣ್ಣ ಹೆಂಡತಿಯನ್ನು ಕರೆತಂದು ಮಧ್ಯದ ಬೆಂಚಿನಲ್ಲಿ ಕೂರಿಸಿ ತಾನೂ ಪಕ್ಕದಲ್ಲಿ ಕೂತ. “ನೋಡ್ದ್ಯಾ ಜನ?” ಎಂದು ಪಿಸುಗುಟ್ಟಿದ.

ವಿಚಿತ್ರವೆಂದರೆ ಅವತ್ತು ಕೆಲಸ ಸರಸರ ನಡೆಯುತ್ತಿತ್ತು. ಪೊರೆ ಡಾಕ್ಟರು ಕುರ್ಚಿ ಬಿಟ್ಟು ಏಳಲಿಲ್ಲ. ಔಷಧಿಯವನು ಕೇಳದ ಔಷಧಿಯನ್ನೂ ‘ಇದೆ, ಇದೆ’ ಎನ್ನುತ್ತಿದ್ದ. ಬೋರ್ಡಿನಲ್ಲಿ ಬರೀ ಅಂಕಿಗಳು. ಜನಕ್ಕೆ ನಿರಾಸೆಯಾಗಿ “ಏನೂ ಇಲ್ವಲ್ಲ ಇವತ್ತು” ಎನ್ನತೊಡಗಿದರು. ಆಯ್ತಣ್ಣ ಹೆಂಡತಿಯ ಕಡೆ ‘ಹೇಳಿರಲಿಲ್ವಾ?’ ಎನ್ನುವ ಹಾಗೆ ನೋಡಿದ.

ಅಷ್ಟರಲ್ಲಿ ಊಟದ ಹೊತ್ತಾಯಿತು. ಬೋರ್ಡು ಮಿನುಗಿತು. ಕಂಡಕ್ಟರು ಎದ್ದು ಗಂಟಲು ಸರಿಮಾಡಿಕೊಂಡರು.

“ಊಟದ ಸಮಯ. ಡಬ್ಬಿ ತೆರೆಯಲು ಧೈರ್ಯ ಮಾಡು. ಇವತ್ತೂ ಉಪ್ಪು ಇರಲಿಕ್ಕಿಲ್ಲ. ಮಣ್ಣು ತಿಂದ ಹಾಗೆ ತಿನ್ನು, ಸಂಜೆ ಕೇಳಿದ್ರೆ ಚೆನ್ನಾಗಿತ್ತು ಅನ್ನು.”

ಹಾಲು ಬಿದ್ದು ಬಿದ್ದು ನಕ್ಕಿತು. ಇಬ್ಬರು ಮಾತ್ರ ನಗಲಿಲ್ಲ. ಆಯ್ತಣ್ಣನ ಮುಖದ ರಕ್ತವೆಲ್ಲ ಇಳಿದು ಪಾದ ಸೇರಿತು. ಕಪ್ಪು ಪರದೆ! ಎರಡನೇ ಬಾಯಿ! ಒಂದೇ ಕೊಳವೆ! ಓದದೆ ಬಿಟ್ಟ ‘ಆದರೆ ಎಚ್ಚರ’! ಎಲ್ಲವೂ ಒಟ್ಟಿಗೆ ಹೊಳೆಯಿತು. ಕುರ್ಚಿ ವಾಪಸ್ಸು ಬಂದದ್ದು ಯಾಕೆಂದು ಹೊಳೆಯಿತು. ಭಾವನ ಸಿಟ್ಟು ಹೊಳೆಯಿತು. ಪಕ್ಕದಲ್ಲಿ ಕೂತವಳ ಕಡೆ ತಿರುಗುವ ಧೈರ್ಯ ಮಾತ್ರ ಬರಲಿಲ್ಲ.

“ಮಣ್ಣಾ?” ಎಂದಳು ಅವಳು, ಬಹಳ ಮೆಲ್ಲಗೆ.

“ಅದು... ಯಂತ್ರದ ದೋಷ ಕಣೇ...”

“ನಿಮ್ಮ ಬಿಪಿಗೆ ಉಪ್ಪು ಕಮ್ಮಿ ಮಾಡಿ ಅಂತ ಡಾಕ್ಟರು ಹೇಳಿದ್ದು. ನಿಮ್ಗೋಸ್ಕರ ನಾನೂ ಅದೇ ಸಪ್ಪೆ ತಿಂತಿದೀನಿ. ಒಂದಿನ ಬಾಯ್ಬಿಟ್ಟು ಹೇಳಿದ್ರಾ ನೀವು? ಇಷ್ಟು ಜನಕ್ಕೆ ಹೇಳಿದೀರಿ, ನನಗೊಬ್ಬಳಿಗೆ ಹೇಳಲಿಲ್ಲ.”

ಅವಳ ಕಣ್ಣಲ್ಲಿ ನೀರು ನಿಂತಿತು. ಪಕ್ಕದವರು ಹನಿ ಹಾಕಿಸಿಕೊಂಡಿದ್ದಾಳೆ ಎಂದುಕೊಂಡು ಜಾಗ ಬಿಟ್ಟರು.

ಆಯ್ತಣ್ಣ ಎದ್ದು ಟೀವಿಯ ಕಡೆ ಓಡಿದ. ಆರಿಸಿಬಿಡಬೇಕು, ಕಿತ್ತುಹಾಕಬೇಕು. “ಏಯ್, ಕೂತ್ಕೊಳ್ರೀ, ಹಿಂದಿನೋರಿಗೆ ಕಾಣಲ್ಲ!” ಎಂದು ಹತ್ತು ಕೈಗಳು ಅವನನ್ನು ಹಿಡಿದೆಳೆದವು. ಅಷ್ಟರಲ್ಲಿ ಜನ ತಾವಾಗಿಯೇ ದಾರಿ ಬಿಟ್ಟರು. ದೊಡ್ಡ ಮೇಡಂ ಬಂದಿದ್ದರು. ಹಿಂದೆಯೇ ಭಾವ, ಕೈಯಲ್ಲಿ ವರ್ಗಾವಣೆಯ ಆದೇಶ.

“ಮೇಡಂ, ನೀವೇ ಕೇಳಿದ್ರಲ್ಲ!” ಎಂದರು ಭಾವ. “ಆಸ್ಪತ್ರೆ ಮಾನ ಹರಾಜಾಗ್ತಿದೆ. ಮೊದಲು ಡಾಕ್ಟರನ್ನ ಬಿಡಲಿಲ್ಲ, ಆಮೇಲೆ ನನ್ನ ಬಿಡಲಿಲ್ಲ, ಈಗ ಕಟ್ಕೊಂಡೋಳನ್ನೂ ಬಿಡಲಿಲ್ಲ. ಸೋಮವಾರದಿಂದ ಶಾಖೆಗೆ ಹೋಗ್ಲಿ.”

“ಭಾವ, ಹಂಗೆಲ್ಲ ಮಾಡ್ಬೇಡಿ!” ಎಂದಿತು ಹಾಲು ಒಕ್ಕೊರಲಿನಿಂದ. ಭಾವ ಕಣ್ಣು ಮುಚ್ಚಿ ಹಲ್ಲು ಕಚ್ಚಿದರು.

ಅಜ್ಜಿ ಎದ್ದು ನಿಂತರು. “ಡಾಕ್ಟ್ರಮ್ಮಾ, ನಾನು ಇಷ್ಟು ವರ್ಷದಿಂದ ಬರ್ತಿದೀನಿ. ಯಾಕೆ ಕಾಯ್ತಿದೀನಿ ಅಂತ ಒಬ್ರೂ ಹೇಳಿರಲಿಲ್ಲ. ಈ ಬೋರ್ಡು ಹೇಳ್ತು. ಇವತ್ತು ಬೆಳಿಗ್ಗೆನೇ ನನ್ನ ನಂಬರ್ ಮುಗೀತು. ನಗೋದಕ್ಕೆ ಅಂತ ಕೂತಿದೀನಿ.”

ದೊಡ್ಡ ಮೇಡಂ ಹಾಲನ್ನೊಮ್ಮೆ ನೋಡಿದರು. ಖಾಲಿ ಕೋಣೆಗಳು ತುಂಬಿದ್ದನ್ನು, ಹೊರಗೆ ತಿರುಗಾಡುತ್ತಿದ್ದವರು ಒಳಗೆ ಕೂತದ್ದನ್ನು ಅವರೂ ಎರಡು ದಿನದಿಂದ ಗಮನಿಸಿದ್ದರು. ಆಯ್ತಣ್ಣನ ಕಡೆ ತಿರುಗಿ ಕೇಳಿದರು: “ನಿಜ ಹೇಳಿ. ಇದನ್ನ ಬೇಕಂತಲೇ ಯೋ‌ಚನೆ ಮಾಡಿ ಮಾಡಿದ್ರಾ?”

ಇಲ್ಲಿ ಆಯ್ತಣ್ಣನ ತಲೆಯೊಳಗೆ ಒಂದು ದೀಪ ಹೊತ್ತಿತು. ಹೊತ್ತಬಾರದಿತ್ತು. ಬಿಗಿದ ಅಂಗಿಯ ಕಾಲರು ಸರಿಮಾಡಿಕೊಂಡ. ಜೀವನದಲ್ಲಿ ಮೊದಲ ಸಲ ಮೇಲಿನವರ ಎದುರು ಅವನ ಬಾಯಿಂದ ‘ಆಯ್ತು’ ಅಲ್ಲದ ಮಾತು ಬಂತು.

“ಹೌದು ಮೇಡಂ. ಬೇಕಂತಲೇ ಮಾಡಿದ್ದು. ತುಂಬ ದಿನದಿಂದ ಅಧ್ಯಯನ ಮಾಡಿ, ಒಂದೊಂದು ಸಾಲೂ ನಾನೇ ಸ್ವಂತವಾಗಿ...”

ಬಾಗಿಲು ಮುಚ್ಚುವ ಹೊತ್ತಾಗಿತ್ತು. ಇಷ್ಟು ಜನ ಇನ್ನೂ ಕೂತಿದ್ದರಿಂದ ಕಾವಲುಗಾರ ಟೀವಿ ಆರಿಸಿರಲಿಲ್ಲ. ಬೋರ್ಡು ಮಿನುಗಿತು.

“ಬಂತು!” ಎಂದರು ಕಂಡಕ್ಟರು. “ಎಲ್ಲಾ ಮರಿಗಳೂ ವಾಪಸ್ಸು ಬಂದವು. ಇವತ್ತಿಗೆ ಮಾನ ಉಳೀತು. ಅರ್ಧ ಸ್ಕ್ರಿಪ್ಟು ಯಾರದೋ ನೋಡಿ ಇಳಿಸಿದ್ದು. ಉಳಿದರ್ಧ ಹೇಗೆ ನಡೀತಿದೆ ಅಂತ ನನಗೇ ಗೊತ್ತಿಲ್ಲ. ಮೇಡಂಗೆ ಗೊತ್ತಾಗದಿದ್ರೆ ಸಾಕು.”

ಆಯ್ತಣ್ಣ ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು. ಭಾವನ ಮುಖ ಹುಣ್ಣಿಮೆಯಾಯಿತು. ಕಂಡಕ್ಟರು ಮಾತ್ರ ನಿಲ್ಲಿಸಲಿಲ್ಲ. ಸಾಲು ಇನ್ನೂ ಇತ್ತು. ಅವರ ದನಿ ತಾನಾಗಿಯೇ ಇಳಿಯಿತು.

“ಬೇರೆ ಊರಿಗೆ ಹಾಕಿದ್ರೆ ಅವಳನ್ನ ಬಿಟ್ಟು ನಾನು ಹ್ಯಾಗಿರ್ಲಿ? ಸಪ್ಪೆನೋ ಉಪ್ಪೋ, ಅವಳ ಎದುರಿಗೆ ಕೂತು ತಿಂದ್ರೆ ತಾನೇ ಊಟ. ಇದನ್ನ ಅವಳಿಗೆ ಹೇಳೋಕೆ ನಂಗೆ ಬರಲ್ಲ. ಹೋಗು ಮಾರಾಯ, ಮನೆಗೆ ಹೋಗು. ಕಾಯ್ತಿರ್ತಾಳೆ.”

ಯಾರೂ ನಗಲಿಲ್ಲ. ಅರ್ಧ ಗಡ್ಡದವನು ಮೂಗು ಒರೆಸಿಕೊಂಡ. ಆಯ್ತಣ್ಣನ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಹೊರಗಿನಿಂದ ತಿಳಿಯುವಂತಿರಲಿಲ್ಲ. ಆಮೇಲೆ ಎದ್ದು ನೇರವಾಗಿ ಅಣ್ಣನ ಹತ್ತಿರ ಹೋದಳು.

“ಅಣ್ಣಾ, ಆ ಕಾಗದ ಕೊಡು.”

“ಅದು ಆಫೀಸಿನ ಕಾಗದ ಕಣೇ...”

“ನೀನು ನಮ್ಮನೆಗೆ ಬಂದಾಗ್ಲೂ ಸೋಫಾ ಮೇಲೆ ಗೊರಕೆ ಹೊಡೀತೀಯ. ಅದನ್ನೂ ಬೋರ್ಡಿಗೆ ಹಾಕ್ಸಲಾ?”

ದೊಡ್ಡ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿದರು. ಬಹಳ ಹೊತ್ತು ಕೆಮ್ಮಿದರು. ಕೆಮ್ಮು ನಿಂತ ಮೇಲೆ ತೀರ್ಪು ಕೊಟ್ಟರು. ಆದೇಶ ರದ್ದು. ಆಯ್ತಣ್ಣ ಇಲ್ಲೇ ಇರುವುದು. ಬೋರ್ಡಿನಲ್ಲಿ ಇನ್ನು ನಂಬರ್ ಮಾತ್ರ ಬರಬೇಕು, ಎರಡು ಬಾಯಿಗಳನ್ನೂ ಬೇರೆ ಬೇರೆ ಮಾಡಬೇಕು.

“ಆಯ್ತು ಮೇಡಂ” ಎಂದ ಆಯ್ತಣ್ಣ. ಅವನಿಗೆ ಹೋದ ಜೀವ ಬಂದಂತಾಗಿತ್ತು.

“ಇನ್ನೂ ಮುಗಿದಿಲ್ಲ. ಆ ಗೊಣಗಾಟ ಇದೆಯಲ್ಲ, ಅದು ನಮಗೆ ಬೇಕು. ಸೋಮವಾರದಿಂದ ದಿನಾ ಬೆಳಿಗ್ಗೆ ನನ್ನ ಕೋಣೆಗೆ ಬಂದು ನೀವೇ ಹೇಳ್ಬೇಕು. ಬಾಯಿಂದ. ಎಲ್ಲರ ಎದುರಿಗೆ. ಮತ್ತೆ ಈ ‘ಆಯ್ತು’ ಅನ್ನೋದು ಇವತ್ತಿಗೆ ಕೊನೆ. ತಿಳೀತಾ?”

ಆಯ್ತಣ್ಣನ ತುಟಿ ಅಭ್ಯಾಸದಂತೆ ತೆರೆಯಿತು. ಏನು ಹೇಳಬೇಕೆಂದು ತೋಚದೆ ಹಾಗೆಯೇ ತೆರೆದಿತ್ತು. ಬೇರೆ ಊರಿನ ಶಾಖೆಯೇ ವಾಸಿಯಿತ್ತೇನೋ ಎಂದು ಒಂದು ಕ್ಷಣ ಅನಿಸಿದ್ದೂ ಸುಳ್ಳಲ್ಲ.

ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ನೋಡುತ್ತಿದ್ದಳು, ಅವನು ಅವಳ ಕಡೆ. ಇಳಿಯುವ ಜಾಗ ಬಂದಾಗ ಅವಳು ತನ್ನ ಚೀಲವನ್ನು ಅವನ ಕೈಗೆ ಕೊಟ್ಟಳು. ಸಿಟ್ಟು ಪೂರ್ತಿ ಇದ್ದಿದ್ದರೆ ಕೊಡುತ್ತಿರಲಿಲ್ಲ ಎಂದು ಅವನು ಲೆಕ್ಕ ಹಾಕಿದ.

ಮನೆಯಲ್ಲಿ ಅವಳು ಎರಡು ತಟ್ಟೆ ಹಾಕಿದಳು. ಅವನ ಎದುರಿಗೇ ಕೂತಳು. ಅವನು ಒಂದು ತುತ್ತು ಬಾಯಿಗಿಟ್ಟ. ಅವಳು ತನ್ನ ತಟ್ಟೆ ಮುಟ್ಟದೆ ಅವನ ಮುಖವನ್ನೇ ನೋಡುತ್ತಿದ್ದಳು.

“ಹೇಗಿದೆ?”

ಆಯ್ತಣ್ಣ ಅಗಿದ. ನುಂಗಿದ. ನೀರು ಕುಡಿದ. ಗೋಡೆಯ ಗಡಿಯಾರ ನೋಡಿದ. ಕೊನೆಗೆ ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟ.

“ಉಪ್ಪು ಕಮ್ಮಿ.”

ಮನೆ ಬೀಳಲಿಲ್ಲ. ಅವನು ಮೆಲ್ಲಗೆ ಒಂದು ಕಣ್ಣು ತೆರೆದು ನೋಡಿದ. ಅವಳು ನಗುತ್ತಿದ್ದಳು, ಮದುವೆಯಾದ ಹೊಸತರಲ್ಲಿ ನಗುತ್ತಿದ್ದ ಹಾಗೆ.

“ಆಯ್ತು” ಎಂದಳು. ಇನ್ನೊಂದು ಸೌಟು ಪಲ್ಯ ಅವನ ತಟ್ಟೆಗೆ ಬಡಿಸಿದಳು. ಉಪ್ಪಿನ ಡಬ್ಬಿ ಕಪಾಟಿನಲ್ಲಿ ಇದ್ದಲ್ಲೇ ಇತ್ತು.